ಚಿಂತಾಮಣಿ ಶಾಖೆಯ ನಾಲ್ಕು ಕಿವಿಗಳು

ನನಗೊಂದು ಚಾಳಿ ಇದೆ. ಎಲ್ಲಾದರೂ ಮೇಜಿನ ಮೇಲೆ ತಂತಿಯಿರುವ ಫೋನು ಕಂಡರೆ ಸಾಕು, ಕೈ ತಾನಾಗಿಯೇ ಹೋಗಿ ರಿಸೀವರ್ ಎತ್ತಿ ಕಿವಿಗೆ ಇಟ್ಟುಬಿಡುತ್ತದೆ. ಯಾರಿಗೂ ಫೋನ್ ಮಾಡುವ ಉದ್ದೇಶವಿಲ್ಲ. ಒಳಗಿನಿಂದ ‘ಗುಂಯ್’ ಎಂಬ ಸದ್ದು ಬರುತ್ತದೆಯೇ ಎಂದು ನೋಡುವುದು, ಬಂದರೆ ಸಮಾಧಾನದಿಂದ ಇಟ್ಟುಬಿಡುವುದು, ಅಷ್ಟೆ. ಬ್ಯಾಂಕಿನಲ್ಲಿ ಹೀಗೆ ಮಾಡಿ ಸೆಕ್ಯುರಿಟಿಯವನಿಂದ ಬೈಸಿಕೊಂಡಿದ್ದೇನೆ. ದಂತವೈದ್ಯರ ಕ್ಲಿನಿಕ್ಕಿನಲ್ಲಿ ಬಾಯಿ ಊದಿಸಿಕೊಂಡು ಕೂತಿದ್ದಾಗಲೂ ಮಾಡಿದ್ದೇನೆ.

ಹೋದ ತಿಂಗಳು ಗೌರಿಬಿದನೂರಿನಲ್ಲಿ ನನ್ನ ಹೆಂಡತಿ ಶೈಲಜಾಳ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ. ಕಲ್ಯಾಣ ಮಂಟಪದ ಬಾಗಿಲಲ್ಲೇ ಒಂದು ಕಚೇರಿ, ಅದರೊಳಗೆ ಧೂಳು ಹಿಡಿದ ಫೋನು. ಎತ್ತಿದೆ. ಸದ್ದಿಲ್ಲ. ಸದ್ದಿಲ್ಲದ ಫೋನನ್ನು ಹಾಗೇ ಬಿಟ್ಟು ಹೋಗುವುದು ನನ್ನಿಂದಾಗದ ಕೆಲಸ. ರೇಷ್ಮೆ ಪಂಚೆ ಎತ್ತಿ ಕಟ್ಟಿ, ತಂತಿ ಎಲ್ಲಿಗೆ ಹೋಗಿದೆ ಎಂದು ನೋಡಲು ಮೇಜಿನ ಕೆಳಗೆ ತೂರಿದೆ. ತಲೆ ಒಳಗೆ, ಉಳಿದದ್ದೆಲ್ಲ ಹೊರಗೆ. ಗಂಡಿನ ಕಡೆಯವರು ಬಂದದ್ದು ಸರಿಯಾಗಿ ಆಗಲೇ.

“ಎದ್ದೇಳ್ರೀ, ಬೀಗರು ನೋಡ್ತಿದಾರೆ,” ಎಂದು ಶೈಲಜಾ ಹಲ್ಲು ಕಚ್ಚಿ ಹೇಳಿದಳು.

“ಟೋನ್ ಬರ್ತಿಲ್ಲ ಕಣೇ.”

“ಊಟಕ್ಕೆ ಎಲೆ ಹಾಕ್ತಿದಾರೆ, ಬನ್ನಿ.”

ಹೋಳಿಗೆ ಬಡಿಸುವಾಗಲೂ ನನ್ನ ಮನಸ್ಸು ಆ ಮೇಜಿನ ಕೆಳಗೇ ಇತ್ತು.

ಚಾಳಿ ಅಂಟಿದ್ದು ಕೆಲಸದಿಂದ. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ನಾನು ಒಂದು ಸರ್ವೀಸ್ ಕಂಪನಿಯ ಪರವಾಗಿ ಕಚೇರಿಗಳ ಫೋನ್ ರಿಪೇರಿ ಮಾಡುತ್ತಾ ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಎಂದು ಸುತ್ತುತ್ತಿದ್ದೇನೆ. “ಎಲ್ಲರ ಜೇಬಲ್ಲೂ ಮೊಬೈಲಿದೆ, ಇನ್ನು ನಿನಗೇನಪ್ಪ ಕೆಲಸ?” ಎಂದು ಕೇಳದ ನೆಂಟರಿಲ್ಲ. ಕೇಳುವವರೆಲ್ಲ ಸೇರುವ ಆಸ್ಪತ್ರೆಯಲ್ಲೂ, ಅವರ ಮಕ್ಕಳು ಓದುವ ಕಾಲೇಜಿನಲ್ಲೂ, ಅವರು ಬಿತ್ತನೆ ಬೀಜ ತರುವ ಕಂಪನಿಯಲ್ಲೂ ಮೇಜಿನ ಮೇಲೆ ಇವತ್ತಿಗೂ ಫೋನಿದೆ. ಆ ಫೋನುಗಳನ್ನೆಲ್ಲ ಒಂದಕ್ಕೊಂದು ಜೋಡಿಸಿ, ಹೊರಗಿನ ಲೈನುಗಳಿಗೂ ಕೊಂಡಿ ಹಾಕುವ ಒಂದು ಪೆಟ್ಟಿಗೆ ಗೋಡೆಯ ಮೇಲಿರುತ್ತದೆ, ಬಹುಪಾಲು ಕಡೆ ಕಕ್ಕಸಿನ ಪಕ್ಕದ ಗೋಡೆಯ ಮೇಲೆ. ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿದೆ. ನಾಲಿಗೆ ಹೊರಳದ ಕಾರಣ ನಮ್ಮ ಕಡೆ ಎಲ್ಲರೂ ‘ಬಾಕ್ಸು’ ಎನ್ನುತ್ತಾರೆ. ನಾನು ಬಾಕ್ಸಿನ ಮೂರ್ತಿ.

ಫೋನಿನ ಹುಚ್ಚು ಮಾತ್ರ ಕೆಲಸಕ್ಕಿಂತ ಹಳೆಯದು. ನಾನು ಹುಟ್ಟಿ ಬೆಳೆದದ್ದು ಶಿಡ್ಲಘಟ್ಟದಲ್ಲಿ. ನಮ್ಮ ಸೋದರಮಾವನದು ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಮನೆ. ಆ ಬೀದಿಗೆ ಕಾಲಿಟ್ಟರೆ ಬೆಂದ ಗೂಡಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ, ನಮಗೆ ಅದು ಬೇಸಿಗೆ ರಜೆಯ ವಾಸನೆ. ಎರಡು ಬೆಂಕಿಪೊಟ್ಟಣಕ್ಕೆ ದಾರ ಕಟ್ಟಿದರೆ ಟೆಲಿಫೋನ್ ಆಗುತ್ತದೆಂದು ಮೇಷ್ಟ್ರು ಹೇಳಿಕೊಟ್ಟಿದ್ದರು. ಬೇರೆ ಮಕ್ಕಳು ಹೊಲಿಗೆ ದಾರ ಕಟ್ಟಿದರು. ನನ್ನದು ರಾಜವೈಭವದ ಟೆಲಿಫೋನು. ಮಾವನ ರಾಟೆಯಿಂದ ಒಂದು ಲಡಿ ರೇಷ್ಮೆ ಎಗರಿಸಿ, ಹಿತ್ತಲಿನಿಂದ ಬೀದಿಯವರೆಗೆ ಎಳೆದು, ಆ ತುದಿಯಲ್ಲಿ ತಂಗಿಯನ್ನು ನಿಲ್ಲಿಸಿದೆ. ನಾನು ಪೊಟ್ಟಣವನ್ನು ಬಾಯಿಗಿಟ್ಟುಕೊಂಡು “ಹಲೋ ಹಲೋ” ಎಂದು ಕೂಗಿದೆ. ಉತ್ತರವಿಲ್ಲ. ಗಂಟಲು ಹರಿಯುವಷ್ಟು ಕೂಗಿ, ಕೊನೆಗೆ ಓಡಿಹೋಗಿ ನೋಡಿದರೆ ಅವಳೂ ಪೊಟ್ಟಣವನ್ನು ಬಾಯಿಗಿಟ್ಟುಕೊಂಡು “ಹಲೋ ಹಲೋ” ಎನ್ನುತ್ತಿದ್ದಾಳೆ. ಯಾರು ಮೊದಲು ಕಿವಿಗಿಟ್ಟುಕೊಳ್ಳಬೇಕು ಎಂಬುದರ ಮೇಲೆ ಅಲ್ಲೇ ಜಗಳವಾಯಿತು. ಜಗಳ ಬಿಡಿಸಲು ಬಂದ ಮಾವ ದಾರ ನೋಡಿದರು. ಮುಂದಿನದು ನಿಮಗೆ ಬಿಟ್ಟದ್ದು.

ಈಗ ನಿಮಗೆ ಒಂದು ಸಣ್ಣ ಪಾಠ. ಹೆದರಬೇಡಿ, ಶೈಲಜಾ ಕೂಡ ಇದನ್ನು ಪೂರ್ತಿ ಕೇಳಿಸಿಕೊಂಡಿದ್ದಾಳೆ, ತೂಕಡಿಸಿದ್ದು ಎರಡೇ ಸಲ. ಫೋನಿನ ಗುಂಡಿ ಒತ್ತಿದರೆ ‘ಪೀಂ’ ಎಂದು ಸದ್ದು ಬರುತ್ತದಲ್ಲ, ಒಂದೊಂದು ಅಂಕಿಗೆ ಒಂದೊಂದು ಸದ್ದು. ಆ ಸದ್ದು ಕೇಳಿ ‘ಇದು ಐದು, ಇದು ಒಂಬತ್ತು’ ಎಂದು ಗುರುತಿಸುವ ಒಂದು ಭಾಗ ಬಾಕ್ಸಿನೊಳಗೆ ಇರುತ್ತದೆ. ಅದಕ್ಕೆ ಟೋನ್ ರಿಸೀವರ್ ಪೋರ್ಟ್ ಎನ್ನುತ್ತಾರೆ. ನಾನು ಕಿವಿ ಎನ್ನುತ್ತೇನೆ. ನೀವು ರಿಸೀವರ್ ಎತ್ತಿದ ಕೂಡಲೇ ಬಾಕ್ಸು ಬಿಡುವಾಗಿರುವ ಒಂದು ಕಿವಿಯನ್ನು ಹುಡುಕಿ ನಿಮಗೆ ಕೊಟ್ಟು, ಆಮೇಲೆ ‘ಗುಂಯ್’ ಎನ್ನುತ್ತದೆ. ಕೇಳಿಸಿಕೊಳ್ಳಲು ಸಿದ್ಧ, ನಂಬರ್ ಒತ್ತಿ ಎಂದು ಅರ್ಥ. ನೀವು ಒತ್ತಿ ಮುಗಿಸಿದ ಮೇಲೆ ಆ ಕಿವಿ ಇನ್ನೊಬ್ಬರಿಗೆ. ಆಮೇಲೆ ನೀವು ಗಂಟೆಗಟ್ಟಲೆ ಹರಟಿದರೂ ಅದಕ್ಕೆ ಸಂಬಂಧವಿಲ್ಲ. ಎಲ್ಲರೂ ಒಂದೇ ಕ್ಷಣದಲ್ಲಿ ನಂಬರ್ ಒತ್ತುವುದಿಲ್ಲವಲ್ಲ, ಹಾಗಾಗಿ ಮೂವತ್ತು ಫೋನಿಗೆ ನಾಲ್ಕೇ ಕಿವಿ ಇದ್ದರೂ ಸಾಕು. ನಾಲ್ಕೂ ಕೆಲಸದಲ್ಲಿದ್ದರೆ ಐದನೆಯವರಿಗೆ ಗುಂಯ್ ಇಲ್ಲ. ಫೋನ್ ಸತ್ತಂತೆ ಇರುತ್ತದೆ. ಪಾಠ ಮುಗಿಯಿತು.

ನಾನು ನೋಡಿಕೊಳ್ಳುತ್ತಿದ್ದ ಬೀಜದ ಕಂಪನಿಯೊಂದರ ಮುಖ್ಯ ಕಚೇರಿ ಚಿಕ್ಕಬಳ್ಳಾಪುರದಲ್ಲಿತ್ತು. ಅಲ್ಲಿನ ಬಾಕ್ಸಿಗೆ ಹದಿನಾರು ಕಿವಿ. ಚಿಂತಾಮಣಿ ಶಾಖೆಗೆ ನಾಲ್ಕು. ಶಾಖೆ ಎಂದರೆ ಎಲ್ಲವೂ ಹಾಗೇ. ಮುಖ್ಯ ಕಚೇರಿಯ ಕುರ್ಚಿ ತಿರುಗುತ್ತದೆ, ಶಾಖೆಯ ಕುರ್ಚಿ ಅಲ್ಲಾಡುತ್ತದೆ. ಅಲ್ಲಿ ಹಳತಾದ ಫ್ಯಾನು ಇಲ್ಲಿ ಹೊಸದು.

ಚಿಂತಾಮಣಿಯಲ್ಲಿ ಫೋನ್ ಎತ್ತುತ್ತಿದ್ದವರು ರತ್ನಮ್ಮ. ಐವತ್ತರ ಆಸುಪಾಸಿನ ಹೆಂಗಸು. ಶಾಖೆ ಶುರುವಾದಾಗಿನಿಂದ ಆ ಕುರ್ಚಿಯಲ್ಲಿ ಅವರೇ. ಬೀಜದ ಪೊಟ್ಟಣದ ಹಿಂದೆ ಅಚ್ಚಾದ ನಂಬರಿಗೆ ಸುತ್ತಲ ಹಳ್ಳಿಗಳ ರೈತರು ಫೋನ್ ಮಾಡುತ್ತಿದ್ದರು. ರತ್ನಮ್ಮ ದನಿಯಲ್ಲೇ ಊರು ಹೇಳುತ್ತಿದ್ದರು. ಕನ್ನಡದಲ್ಲಿ ಕೇಳಿದವರಿಗೆ ಕನ್ನಡ, ತೆಲುಗಿನಲ್ಲಿ ಕೇಳಿದವರಿಗೆ ತೆಲುಗು. ಅರ್ಧ ಅರ್ಧ ಬೆರೆಸಿ ಕೇಳುವವರೇ ಹೆಚ್ಚು, ಅವರಿಗೆ ಅದೇ ಹದದಲ್ಲಿ ಉತ್ತರ.

ಮೂರು ವರ್ಷದ ಹಿಂದೆ ಕಂಪನಿಗೆ ಆಧುನಿಕವಾಗುವ ಮನಸ್ಸು ಬಂತು. ಇನ್ನು ಮೇಲೆ ಫೋನ್ ಎತ್ತುವುದು ಬಾಕ್ಸೇ. ರೆಕಾರ್ಡ್ ಮಾಡಿದ ದನಿ ‘ಇದಕ್ಕೆ ಒಂದು ಒತ್ತಿ, ಅದಕ್ಕೆ ಎರಡು ಒತ್ತಿ’ ಎನ್ನಬೇಕು, ರೈತ ಒತ್ತಿದ ಗುಂಡಿಗೆ ತಕ್ಕ ಮೇಜಿಗೆ ಕರೆ ಹೋಗಬೇಕು. ಆ ಕೆಲಸಕ್ಕೆ ನಾನು ಹೋದೆ. ದನಿ ಯಾರದು ಎಂದು ಮ್ಯಾನೇಜರ್ ಪ್ರಭಾಕರ್ ಕೇಳಿದಾಗ, ರತ್ನಮ್ಮನವರದ್ದೇ ಇರಲಿ ಸಾರ್, ರೈತರಿಗೆ ಗುರುತಿನ ದನಿ ಎಂದವನು ನಾನೇ. ನನ್ನ ಜಾಣತನಕ್ಕೆ ನಾನೇ ಒಳಗೊಳಗೇ ಬೆನ್ನು ತಟ್ಟಿಕೊಂಡೆ.

ರತ್ನಮ್ಮ ಕಾಗದ ಹಿಡಿದು ಓದಿದರು. ರೇಡಿಯೋದಲ್ಲಿ ಪ್ರವಾಹದ ಸುದ್ದಿ ಓದಿದ ಹಾಗಿತ್ತು. “ಹಂಗಲ್ಲಮ್ಮ, ಯಾವಾಗ್ಲೂ ಹೆಂಗ್ ಮಾತಾಡ್ತೀರೋ ಹಂಗೇ ಮಾತಾಡಿ,” ಎಂದೆ. ಅವರು ಕಾಗದ ಪಕ್ಕಕ್ಕಿಟ್ಟು, ಸೆರಗು ಸರಿಮಾಡಿಕೊಂಡು, “ನಮಸ್ಕಾರ, ಚೆನ್ನಾಗಿದೀರಾ? ಬೀಜದ ವಿಷಯಕ್ಕೆ ಒಂದು ಒತ್ತಿ, ಔಷಧಿ ವಿಷಯಕ್ಕೆ ಎರಡು ಒತ್ತಿ, ಬೇರೆ ಏನಾದ್ರೂ ಇದ್ರೆ ಮೂರು ಒತ್ತಿ. ಹೂಂ, ಹೇಳಿ,” ಎಂದರು. ಎಷ್ಟು ಸೊಗಸಾಗಿತ್ತೆಂದರೆ ಕೊನೆಯ ‘ಹೂಂ, ಹೇಳಿ’ಯನ್ನು ಕತ್ತರಿಸಲು ಮನಸ್ಸಾಗಲಿಲ್ಲ. ಪಾಪ, ವಯಸ್ಸಾದವರಿಗೆ ಗುಂಡಿ ಹುಡುಕಲು ಹೊತ್ತು ಹಿಡಿಯುತ್ತದೆ ಎಂದು ಇನ್ನೂ ಸ್ವಲ್ಪ ಉದಾರನಾದೆ. ಅರ್ಧ ನಿಮಿಷ ಕಾಯಬೇಕು, ಯಾರೂ ಒತ್ತದಿದ್ದರೆ ಮತ್ತೆ ಅದೇ ಮಾತು ಹೇಳಬೇಕು, ಹೀಗೆ ಹತ್ತು ಸಲ ಆದ ಮೇಲಷ್ಟೇ ಲೈನ್ ಕಡಿಯಬೇಕು ಎಂದು ಬಾಕ್ಸಿಗೆ ಅಪ್ಪಣೆ ಕೊಟ್ಟು ಬಂದೆ.

ದನಿ ಬಾಕ್ಸಿನೊಳಗೆ ಸೇರಿದ ಮೇಲೆ ರತ್ನಮ್ಮನ ಕುರ್ಚಿಗೆ ಕೆಲಸವಿಲ್ಲ. ಅವರನ್ನು ಹಿಂದಿನ ಗೋಡೌನಿಗೆ ಹಾಕಿದರು, ಬೀಜದ ಚೀಲಗಳನ್ನು ನೋಡಿಕೊಳ್ಳಲು.

ಎರಡು ವಾರವಾಗಿರಬಹುದು. ಚಿಂತಾಮಣಿಯಿಂದ ದೂರು ಬಂತು: ಫೋನ್ ಎತ್ತಿದರೆ ಟೋನ್ ಇಲ್ಲ. ನಾನು ಬಸ್ಸು ಹತ್ತಿ ಹೋದೆ. ಶಿಡ್ಲಘಟ್ಟದಲ್ಲಿ ಇಳಿದು ತಂಗಿಯ ಮನೆಯಲ್ಲಿ ಒಂದು ಕಾಫಿ, ಅಲ್ಲಿಂದ ಮತ್ತೊಂದು ಬಸ್ಸು. ಶಾಖೆಗೆ ಕಾಲಿಡುವಾಗ ಹನ್ನೆರಡೂವರೆ. ರಿಸೀವರ್ ಎತ್ತಿದರೆ ಗುಂಯ್ ಎಂದು ಗೂಳಿಯ ಹಾಗೆ ಟೋನು. “ಬರ್ತಿದೆಯಲ್ಲ ಸಾರ್,” ಎಂದೆ. “ಬೆಳಿಗ್ಗೆ ಇರ್ಲಿಲ್ಲ ಕಣ್ರೀ,” ಎಂದರು ಪ್ರಭಾಕರ್. ಮುಂದಿನ ವಾರ ಮತ್ತೆ ದೂರು, ಮತ್ತೆ ಬಸ್ಸು, ಮತ್ತೆ ಕಾಫಿ, ಮತ್ತೆ ಗುಂಯ್. ಆ ಸಲ ಪ್ರಭಾಕರ್ ಬಾಗಿಲು ಮುಚ್ಚಿ, ದನಿ ತಗ್ಗಿಸಿ ಕೇಳಿದರು.

“ಒಂದ್ ಮಾತು ಮೂರ್ತಿಯವರೇ. ಯಾರಾದ್ರೂ ಬೇಕೂಂತ ಹಿಂಗ್ ಮಾಡ್ಬಹುದಾ?”

ಕೇಳಿದ್ದಕ್ಕೆ ಗೊತ್ತಿಲ್ಲ ಎನ್ನುವ ಅಭ್ಯಾಸ ನನಗಿಲ್ಲ. “ಮಾಡ್ಬಹುದು ಸಾರ್. ನಾಲ್ಕು ಕಡೆ ರಿಸೀವರ್ ಎತ್ತಿ ಪಕ್ಕಕ್ಕಿಟ್ರೆ ಸ್ವಲ್ಪ ಹೊತ್ತು ಟೋನ್ ಬರಲ್ಲ,” ಎಂದು ಟೋನ್ ರಿಸೀವರಿನ ಪಾಠವನ್ನು ಅವರಿಗೂ ಮಾಡಿದೆ. ಅವರು ಕಿಟಕಿಯಿಂದ ಗೋಡೌನಿನ ಕಡೆ ನೋಡಿದರು. ಅವರೇಕೆ ಅತ್ತ ನೋಡುತ್ತಿದ್ದಾರೆ ಎಂದು ನಾನು ಯೋಚಿಸಲಿಲ್ಲ. ಮೂರೂವರೆಯ ಬಸ್ಸಿನ ಯೋಚನೆಯಲ್ಲಿದ್ದೆ. ವರದಿಯಲ್ಲಿ ದುಂಡಗೆ ಬರೆದೆ: ‘ಯಂತ್ರದಲ್ಲಿ ದೋಷ ಕಂಡುಬಂದಿಲ್ಲ. ಬಳಸುವವರ ತಪ್ಪು.’

ಮೂರನೆಯ ಸಲ ಹೋದದ್ದು ಒಂದು ಗುರುವಾರ. ಗೋಡೌನಿನ ಬಾಗಿಲಲ್ಲಿ ರತ್ನಮ್ಮ ಸಿಕ್ಕರು. ಯಾವಾಗಲೂ “ಬನ್ನಿ ಸಾರ್, ಮಜ್ಜಿಗೆ ಕುಡೀರಿ” ಎನ್ನುವವರು ಅಂದು ಅನ್ನಲಿಲ್ಲ.

“ನಿಮ್ ರಿಪೋರ್ಟ್ ಓದ್ದೆ ಸಾರ್,” ಎಂದರು. “ಅಕ್ಷರ ಚೆನ್ನಾಗಿದೆ.”

ಏನಾಯಿತಮ್ಮ ಎಂದೆ. ಅವರು ಮಡಿಸಿದ ಒಂದು ಕಾಗದ ತೋರಿಸಿದರು. ಗೌರಿಬಿದನೂರು ಶಾಖೆಗೆ ವರ್ಗ, ಸೋಮವಾರದಿಂದ. ಚಿಂತಾಮಣಿಯಿಂದ ಗೌರಿಬಿದನೂರಿಗೆ ದಿನಾ ಹೋಗಿ ಬರುವುದೆಂದರೆ ಮೂರು ಬಸ್ಸು ಹೋಗುತ್ತಾ, ಮೂರು ಬಸ್ಸು ಬರುತ್ತಾ. ಅದಕ್ಕಿಂತ ಅವರನ್ನು ನೋಯಿಸಿದ್ದು ಬೇರೆ. ಕುರ್ಚಿ ಹೋದ ಸಿಟ್ಟಿಗೆ ಅವರೇ ಫೋನ್ ಕೆಡಿಸುತ್ತಿದ್ದಾರೆ ಎಂದು ಇಡೀ ಕಚೇರಿ ನಂಬಿತ್ತು. ಜೊತೆಗೆ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದವರೇ ಈಗ ಅವರ ಕಣ್ಣು ತಪ್ಪಿಸುತ್ತಿದ್ದರು.

“ಕೆಡಿಸೋದಿಕ್ಕೆ ನಂಗೆ ಆ ಬಾಕ್ಸಿನ ಮುಚ್ಚಳ ತೆಗಿಯೋದೂ ಗೊತ್ತಿಲ್ಲ ಸಾರ್. ಇಷ್ಟ್ ವರ್ಷ ಫೋನಲ್ಲಿ ಒಬ್ರಿಗೆ ಒರಟಾಗಿ ಮಾತಾಡಿದೋಳಲ್ಲ.” ಅವರ ಕಣ್ಣಲ್ಲಿ ನೀರಿರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. “ನೀವು ಒಂದಿನ ಬೆಳಿಗ್ಗೆ ಒಂಬತ್ತಕ್ಕೆ ಬನ್ನಿ. ಫೋನ್ ಕೆಡೋದು ತಿಂಡಿ ಹೊತ್ತಿಗೆ. ನೀವ್ ಬರೋದು ಊಟದ ಹೊತ್ತಿಗೆ.”

ತಂಗಿಯ ಮನೆಯ ಕಾಫಿ ನೆನಪಾಗಿ ಕಿವಿ ಬಿಸಿಯಾಯಿತು.

ಶುಕ್ರವಾರ ಕಾಫಿ ಬಿಟ್ಟು ಮೊದಲ ಬಸ್ಸಿಗೆ ಹೊರಟೆ. ಒಂಬತ್ತಕ್ಕೆ ಮೊದಲೇ ಬಾಕ್ಸಿನ ಮುಂದೆ ಸ್ಟೂಲ್ ಹಾಕಿ, ಲ್ಯಾಪ್‌ಟಾಪ್ ತೆರೆದು ಕೂತೆ. ಪರದೆಯ ಮೇಲೆ ನಾಲ್ಕು ಕಿವಿಗೆ ನಾಲ್ಕು ಹಸಿರು ಚುಕ್ಕೆ. ಹಸಿರೆಂದರೆ ಬಿಡುವು. ಒಂಬತ್ತೂ ಹತ್ತಕ್ಕೆ ಒಂದು ಕೆಂಪಾಯಿತು. ಅದು ಹಸಿರಾಗುವ ಮೊದಲೇ ಇನ್ನೊಂದು. ಒಂಬತ್ತೂವರೆಗೆ ನಾಲ್ಕೂ ಕೆಂಪು. ಎದ್ದು ಕಚೇರಿಯೆಲ್ಲ ನೋಡಿಕೊಂಡು ಬಂದೆ. ಒಬ್ಬರೂ ರಿಸೀವರ್ ಎತ್ತಿರಲಿಲ್ಲ. ಗೋಡೌನಿನ ಫೋನು ಅದರ ಜಾಗದಲ್ಲೇ ಇತ್ತು, ರತ್ನಮ್ಮ ಚೀಲ ಎಣಿಸುತ್ತಿದ್ದರು. ಮತ್ತೆ ಪರದೆ ನೋಡಿದೆ. ನಾಲ್ಕು ಕಿವಿಯೂ ಹೊರಗಿನಿಂದ ಬಂದ ಕರೆಗಳ ಮೇಲೆ ಕೂತಿದ್ದವು.

ನಮ್ಮ ಚೀಲದಲ್ಲಿ ಒಂದು ಟೆಸ್ಟ್ ಫೋನ್ ಇರುತ್ತದೆ. ಅದರ ಎರಡು ಕ್ಲಿಪ್ಪುಗಳನ್ನು ಲೈನಿಗೆ ಕಚ್ಚಿಸಿದರೆ ಆ ಲೈನಿನ ಮಾತು ಕೇಳುತ್ತದೆ. ಬೇರೆಯವರ ಮಾತು ಕೇಳುವುದು ಸರಿಯಲ್ಲ, ಆದರೆ ಲೈನಿನಲ್ಲಿ ಏನು ಸದ್ದಿದೆ ಎಂದು ನೋಡುವುದು ನನ್ನ ಕೆಲಸ. ಕಚ್ಚಿಸಿದೆ. ಮೊದಲು ಕೇಳಿಸಿದ್ದು ರತ್ನಮ್ಮನ ರೆಕಾರ್ಡ್ ಮಾಡಿದ ದನಿ. “...ಬೇರೆ ಏನಾದ್ರೂ ಇದ್ರೆ ಮೂರು ಒತ್ತಿ. ಹೂಂ, ಹೇಳಿ.”

ಆ ಕಡೆಯಿಂದ ವಯಸ್ಸಾದ ಗಂಡಸಿನ ದನಿ. “ಮೂರೂ ಇದೆ ಕಣಮ್ಮಾ. ಬೀಜಾನೂ ಬೇಕು, ಔಷಧೀನೂ ಬೇಕು. ಟೊಮೊಟೊ ಎಲೆ ಎಲ್ಲಾ ಮುದುರ್ಕೊಂಡ್ಬಿಟ್ಟೈತೆ. ನಾಕ್ ದಿನದಿಂದ ಹೇಳ್ತಾ ಇವ್ನಿ.”

ಬಾಕ್ಸು ನನ್ನ ಅಪ್ಪಣೆಯಂತೆ ಅರ್ಧ ನಿಮಿಷ ಕಾಯಿತು. ಆತ ಅಷ್ಟೂ ಹೊತ್ತು ಎಲೆಯ ಬಣ್ಣ, ಹೂವು ಉದುರುವುದು, ಪಕ್ಕದ ತೋಟದಲ್ಲಿ ಹೀಗಾಗದೆ ಇರುವುದು ಎಲ್ಲವನ್ನೂ ವಿವರಿಸಿದ. ಅರ್ಧ ನಿಮಿಷ ಮುಗಿಯಿತು.

“ನಮಸ್ಕಾರ, ಚೆನ್ನಾಗಿದೀರಾ?”

“ಆಗ್ಲೇ ಹೇಳಿದ್ನಲ್ಲಮ್ಮ ಚೆನ್ನಾಗಿದೀನಿ ಅಂತ.”

“ಬೀಜದ ವಿಷಯಕ್ಕೆ ಒಂದು ಒತ್ತಿ...”

“ಒತ್ಕೊಂಡೇ ಇವ್ನಿ ಕಣಮ್ಮಾ, ಕಿವೀಗೆ ಗಟ್ಟಿಯಾಗಿ ಒತ್ಕೊಂಡೇ ಇವ್ನಿ. ಇನ್ನೆಷ್ಟು ಒತ್ತಾನ?”

ನನಗೆ ನಗು ಬಂತು. ಬಾಯಿ ಮುಚ್ಚಿಕೊಂಡು ನಕ್ಕೆ. ಆದರೆ ಆತ ಮತ್ತೆ ಮಾತಾಡಿದಾಗ ನಗು ಅಲ್ಲೇ ನಿಂತಿತು. “ಏಮ್ಮಾ ರತ್ನಮ್ಮ, ಕೋಪಾನಾ ನನ್ಮೇಲೆ? ಹೋದ್ ಸಲ ಬೀಜ ಸರೀಗ್ ಮೊಳೀಲಿಲ್ಲ ಅಂತ ಒಂದ್ ಮಾತು ಜೋರಾಗಿ ಅಂದ್ಬಿಟ್ಟೆ. ಅದ್ಕೇ ಹಿಂಗ್ ಮಾಡ್ತಿದೀಯಾ? ನಂಬರು ಇಡ್ಕೊಂಡು ಇನ್ಯಾರ್ನ ಕೇಳ್ಳಿ ನಾನು?”

ಉಳಿದ ಮೂರು ಲೈನಿಗೂ ಕಚ್ಚಿಸಿ ನೋಡಿದೆ. ಒಂದರಲ್ಲಿ ಹೆಂಗಸೊಬ್ಬರು ತೆಲುಗಿನಲ್ಲಿ ಕ್ಷೇಮ ಸಮಾಚಾರ ಹೇಳುತ್ತಿದ್ದರು. ಒಂದರಲ್ಲಿ ಗಂಡ ಹೆಂಡತಿ ಸರದಿಯ ಮೇಲೆ ಮಾತಾಡುತ್ತಿದ್ದರು. ಇನ್ನೊಂದರಲ್ಲಿ ಬಾಕ್ಸು ಏನು ಕೇಳಿದರೂ “ಹೂಂ ಕಣಮ್ಮ, ಹೂಂ ಕಣಮ್ಮ” ಎನ್ನುವ ಒಬ್ಬ ಸೌಮ್ಯ ಮನುಷ್ಯ. ಒಬ್ಬರೂ ಗುಂಡಿ ಮುಟ್ಟಿರಲಿಲ್ಲ. ಹೇಳಿ ಎಂದಿದ್ದರು, ಹೇಳುತ್ತಿದ್ದರು. ಗುಂಡಿಯ ಸದ್ದು ಈಗ ಬಂದೀತು ಎಂದು ನಾಲ್ಕು ಕಿವಿಗಳೂ ಕಾಯುತ್ತಾ ಕೂತಿದ್ದವು. ಇಡೀ ಕಚೇರಿಗೆ ಟೋನ್ ಇಲ್ಲ. ಹೊಲಕ್ಕೆ ಹೋಗುವ ಮುಂಚೆ, ತಿಂಡಿ ಮುಗಿಸಿ, ರೈತರು ಫೋನ್ ಮಾಡುವ ಹೊತ್ತು ಅದು.

ಓಡಿಹೋಗಿ ರತ್ನಮ್ಮನನ್ನು ಕರೆತಂದು ಟೆಸ್ಟ್ ಫೋನನ್ನು ಅವರ ಕೈಗೆ ಕೊಟ್ಟೆ. ಒಂದು ಕ್ಷಣ ಕೇಳಿಸಿಕೊಂಡರು. ಮುಖದ ಬಣ್ಣವೇ ಬದಲಾಯಿತು.

“ಮುನಿಶಾಮಣ್ಣ! ಅಂಬಾಜಿದುರ್ಗದ ಮುನಿಶಾಮಣ್ಣ ತಾನೆ? ನಾನು ಕಣಣ್ಣ, ರತ್ನಮ್ಮ.”

“ಈಗ್ ಬಂತು ನೋಡು ನಿನ್ ದನಿ!” ಆತ ಕೂಗಿದ್ದು ನನಗೂ ಕೇಳಿಸಿತು. “ಇಷ್ಟ್ ದಿನ ಇಸ್ಕೂಲ್ ಮಗು ಪಾಠ ಒಪ್ಪಿಸ್ದಂಗೆ ಅದೇ ಮಾತು ಹೇಳ್ತಿದ್ದೆ. ನನ್ಮೇಲೆ ಸಿಟ್ಟು ಅಂದ್ಕೊಂಡೆ ಕಣಮ್ಮ.”

“ಯಾವ್ ಸಿಟ್ಟೂ ಇಲ್ಲಣ್ಣ. ನಾಳೆ ಮುದುರಿರೋ ಗಿಡ ಒಂದು ಬೇರು ಸಮೇತ ಕಿತ್ಕೊಂಡು ಬನ್ನಿ, ನಮ್ ಆಫೀಸರ್ಗೆ ತೋರ್ಸಣ. ಅಲ್ಲೀವರ್ಗೂ ಯಾರು ಏನ್ ಹೇಳಿದ್ರೂ ಔಷಧಿ ಹೊಡೀಬೇಡಿ.” ಹೇಳುತ್ತಾ ಹೇಳುತ್ತಾ ಅವರು ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡರು.

ನಾನು ಹೊರಗೆ ಹೋಗಿ ಟೀ ಅಂಗಡಿಯಲ್ಲಿ ನಿಂತೆ. ನಿಜ ಹೇಳಬೇಕು ನಿಮಗೆ. ಅಲ್ಲಿ ನಿಂತಾಗ ನನ್ನ ತಲೆಯಲ್ಲಿ ಓಡಿದ್ದು ಒಳ್ಳೆಯ ವಿಚಾರವೇನಲ್ಲ. ಕಾಯುವ ಹೊತ್ತನ್ನು ಐದು ಸೆಕೆಂಡಿಗೆ ಇಳಿಸಿ, ‘ಹೂಂ, ಹೇಳಿ’ಯನ್ನು ಕತ್ತರಿಸಿ, ವರದಿಯಲ್ಲಿ ‘ಸರಿಪಡಿಸಲಾಗಿದೆ’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ನನ್ನ ಹೆಸರು ಉಳಿಯುತ್ತದೆ. ವರ್ಗಾವಣೆ ಮಾಡಿದ್ದು ಕಂಪನಿ, ಅದರಲ್ಲಿ ನನ್ನದೇನು? ಟೀ ಆರುವವರೆಗೂ ಈ ಲೆಕ್ಕಾಚಾರ ಬಹಳ ಚೆನ್ನಾಗಿಯೇ ಕಂಡಿತು. ಆರಿದ ಟೀ ಕುಡಿಯಲಾಗದೆ ಚೆಲ್ಲಿ, ಲೋಟ ಇಟ್ಟು, ಕಾಲು ಎಳೆದುಕೊಂಡು ಪ್ರಭಾಕರ್ ಕೋಣೆಗೆ ಹೋದೆ.

ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದರು.

“ಅಂದ್ರೆ, ರೈತರ ತಪ್ಪು ಅನ್ನಿ.”

“ಅಲ್ಲ ಸಾರ್, ನನ್ದು. ಅರ್ಧ ನಿಮಿಷ ಇಟ್ಟೋನು ನಾನು, ಹತ್ತು ಸಲ ಇಟ್ಟೋನು ನಾನು. ‘ಹೇಳಿ’ ಅನ್ನೋದು ಉಳಿಸ್ದೋನೂ ನಾನೇ. ಎರಡು ಸಲ ಬಂದು ಸರಿಯಾಗಿ ನೋಡ್ದೆ ಬಳಸುವವರ ತಪ್ಪು ಅಂತ ಬರ್ದೋನೂ ನಾನೇ. ರತ್ನಮ್ಮನೋರು ಫೋನ್ ಮುಟ್ಟೂ ಇಲ್ಲ.”

“ನಾಲ್ಕು ಕಡೆ ರಿಸೀವರ್ ಎತ್ತಿಟ್ರೆ ಅಂದ್ರಲ್ರೀ ಅವತ್ತು?”

“ಗೊತ್ತಿದೆ ಅಂತ ತೋರ್ಸ್ಕೊಳ್ಳೋದಿಕ್ಕೆ ಅಂದೆ ಸಾರ್.”

ಅವರು ನನ್ನನ್ನು ಬೈಯಲಿಲ್ಲ. ಪಾಪ, ಅವರ ಸಹಿಯೂ ಆ ಆದೇಶದ ಕೆಳಗೆ ಇತ್ತು. “ಹೆಡ್ ಆಫೀಸಿಗೆ ಈಗ್ಲೇ ಹೇಳ್ತೀನಿ, ನೀವೂ ಇಲ್ಲೇ ಇರಿ, ಅವ್ರು ಕೇಳಿದ್ರೆ ಇದೇ ಮಾತು ಹೇಳ್ಬೇಕು,” ಎಂದು ರಿಸೀವರ್ ಎತ್ತಿದರು. ಟೋನ್ ಇಲ್ಲ. ಆ ‘ಹೂಂ ಕಣಮ್ಮ’ ಮನುಷ್ಯ ಮತ್ತೆ ಲೈನಿಗೆ ಬಂದಿದ್ದನೋ ಏನೋ. ಬಿಡುವಾದ ಕಿವಿಗಳಲ್ಲಿ ಹೊಸಬರು ಬಂದು ಕೂತಿದ್ದರು. ಮೊಬೈಲಿನಿಂದ ಮಾಡಬಹುದಿತ್ತು, ಆದರೆ ಪ್ರಭಾಕರ್ ಕಚೇರಿಯ ಮಾತಿಗೆ ಕಚೇರಿಯ ಫೋನನ್ನೇ ಬಳಸುವ ಶಿಸ್ತಿನ ಮನುಷ್ಯ. ಹೀಗಾಗಿ ಇಬ್ಬರೂ ಎದುರು ಬದುರು ಕೂತೆವು. ಅವರು ಸತ್ತ ರಿಸೀವರನ್ನು ಕಿವಿಗೆ ಹಿಡಿದುಕೊಂಡು, ನಾನು ಕೈ ಕಟ್ಟಿಕೊಂಡು. ಏಳೆಂಟು ನಿಮಿಷವಾಗಿರಬೇಕು, ನನಗೆ ಒಂದು ಶ್ರಾವಣದಷ್ಟು ಉದ್ದವೆನಿಸಿತು. ಗುಂಯ್ ಎಂದಾಗ ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟೆವು.

ಮುಖ್ಯ ಕಚೇರಿಯವರು ಮೊದಲು ನಂಬಲಿಲ್ಲ. ನನ್ನನ್ನು ಮಾತಾಡಿಸಿದರು, ಆಮೇಲೆ ನಮ್ಮ ಸರ್ವೀಸ್ ಕಂಪನಿಯವರನ್ನು ಮಾತಾಡಿಸಿದರು. ನಮ್ಮವರು ನನ್ನನ್ನು ಬಹಳ ವಿವರವಾಗಿ ಮಾತಾಡಿಸಿದರು, ಅದು ಇಲ್ಲಿ ಬರೆಯುವಂಥದ್ದಲ್ಲ. ಸಂಜೆಯೊಳಗೆ ವರ್ಗಾವಣೆ ರದ್ದಾಯಿತು. ಪ್ರಭಾಕರ್ ತಾವೇ ಗೋಡೌನಿಗೆ ನಡೆದು ಹೋಗಿ ಹೇಳಿದರು. ಎಲ್ಲರ ಎದುರಿಗೆ ಹೇಳಿದರು ಎಂಬುದು ಅವರ ದೊಡ್ಡತನ. ಹೊಸ ಏರ್ಪಾಡು ಸರಳವಾಗಿತ್ತು: ಬಂದ ಕರೆ ಮೊದಲು ರತ್ನಮ್ಮನ ಮೇಜಿನಲ್ಲಿ ಬಡಿದುಕೊಳ್ಳಬೇಕು, ಅವರು ಮೂರು ರಿಂಗಿನೊಳಗೆ ಎತ್ತದಿದ್ದರೆ ಮಾತ್ರ ಬಾಕ್ಸಿನ ಸರದಿ. ಬಾಕ್ಸಿಗೆ ಕಾಯಲು ಐದೇ ಸೆಕೆಂಡು. ಅಷ್ಟರಲ್ಲಿ ಯಾರೂ ಏನೂ ಒತ್ತದಿದ್ದರೆ ಕರೆ ತಾನಾಗಿಯೇ ಮತ್ತೆ ಅವರ ಮೇಜಿಗೆ.

ನಾನು ರತ್ನಮ್ಮನ ಹತ್ತಿರ ಹೋಗಿ, ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದ ಕ್ಷಮೆಯ ಮಾತನ್ನು ಶುರು ಮಾಡಿದೆ. ಎರಡನೆಯ ವಾಕ್ಯಕ್ಕೇ ಅವರು ಕೈ ಅಡ್ಡ ಹಿಡಿದರು.

“ಅವೆಲ್ಲಾ ಬೇಡ ಬಿಡಿ ಸಾರ್. ಸೋಮವಾರ ಗೋಡೌನ್ ಬೀಗ ಇನ್ನೊಬ್ರಿಗೆ ಒಪ್ಪಿಸ್ಬೇಕು, ಚೀಲ ಎಲ್ಲಾ ತೋರ್ಸ್ಬೇಕು. ಎರಡ್ ಗಂಟೆ ಹಿಡಿಯುತ್ತೆ. ಅಷ್ಟೊತ್ತು ನನ್ ಕುರ್ಚೀಲಿ ನೀವ್ ಕೂತ್ಕೊಳ್ಳಿ. ಒಂಬತ್ತಕ್ಕೆ.”

“ನಾನಾ? ನಂಗೆ ಬೀಜದ ವಿಷಯ ಏನ್ ಗೊತ್ತಮ್ಮ?”

“ಗೊತ್ತಿದೆ ಅಂತ ತೋರ್ಸ್ಕೊಳ್ಳೋದು ಬರುತ್ತಲ್ಲ,” ಎಂದರು. ಪ್ರಭಾಕರ್ ಕೋಣೆಯ ಮಾತು ಗೋಡೌನಿನವರೆಗೂ ಕೇಳಿಸುತ್ತದೆ ಎಂಬುದು ನನಗೆ ತಿಳಿದದ್ದು ಆಗ.

ಸೋಮವಾರ ಒಂಬತ್ತಕ್ಕೆ ಹೋಗಿ ಕೂತೆ. ಕುರ್ಚಿ ಅಲ್ಲಾಡುತ್ತಿತ್ತು. ಮೊದಲ ಕರೆ ತೆಲುಗು. ನನಗೆ ಬರುವ ತೆಲುಗಿನಲ್ಲಿ ನಮಸ್ಕಾರ ಹೇಳುವಷ್ಟರಲ್ಲಿ ಅವರು ಮೂರು ಪ್ರಶ್ನೆ ಮುಗಿಸಿದ್ದರು. ಎರಡನೆಯವರು ನನ್ನ ದನಿ ಕೇಳಿದ ಕೂಡಲೇ “ರಾಂಗ್ ನಂಬರು” ಎಂದು ಇಟ್ಟುಬಿಟ್ಟರು. ಮೂರನೆಯ ಕರೆ ಒಬ್ಬ ಹೆಂಗಸಿನದು. ಮೆಣಸಿನ ಗಿಡದಿಂದ ಶುರುಮಾಡಿದವರು ಸೊಸೆ ಬಾಣಂತನಕ್ಕೆ ತೌರಿಗೆ ಹೋದದ್ದು, ನಾಯಿ ನಾಲ್ಕು ಮರಿ ಹಾಕಿದ್ದು, ಕೊಳವೆ ಬಾವಿಯ ಮೋಟಾರು ಹೊಸ ಸದ್ದು ಮಾಡುತ್ತಿರುವುದು ಎಲ್ಲಕ್ಕೂ ಹೋಗಿ ಬಂದರು. ನಡುವೆ ಬಾಯಿ ಹಾಕಲು ಸಂದೇ ಸಿಗಲಿಲ್ಲ. ನಾನು ‘ಹೂಂ’ ಎಂದೆ, ‘ಹೌದಾ’ ಎಂದೆ, ಮತ್ತೆ ‘ಹೂಂ’ ಎಂದೆ. ಹತ್ತು ನಿಮಿಷದ ಮೇಲೆ ಅವರು, “ಸರಿ ಕಣಪ್ಪಾ, ಹೇಳ್ಕೊಂಡ್ಮೇಲೆ ಸಮಾಧಾನ ಆಯ್ತು,” ಎಂದು ಫೋನ್ ಇಟ್ಟರು.

ಅಷ್ಟರಲ್ಲಿ ರತ್ನಮ್ಮ ಎಣಿಸಿದ್ದಕ್ಕಿಂತ ಬೇಗ ಬೀಗದ ಕೈ ಒಪ್ಪಿಸಿ ಬಂದು ಹಿಂದೆ ನಿಂತಿದ್ದರು.

“ಯಾರು?”

“ಕೇಳ್ಲಿಲ್ಲ.”

“ಯಾವೂರು?”

“ಕೇಳ್ಲಿಲ್ಲ.”

“ಏನ್ ಬೇಕಂತೆ?”

“ಅವ್ರೂ ಹೇಳ್ಲಿಲ್ಲ,” ಎಂದೆ.

ಅವರು ಮೇಜಿನ ಮೇಲಿದ್ದ ನೋಟ್ ಬುಕ್ಕನ್ನು ನನ್ನ ಕಡೆ ತಳ್ಳಿ, ಅದರ ಮೇಲೆ ಒಂದು ಪೆನ್ನಿಟ್ಟರು. “ಏಳ್ಬೇಡಿ, ಅಲ್ಲೇ ಕೂತಿರಿ. ಮತ್ತೆ ಮಾಡ್ತಾರೆ.”

ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಫೋನು ಬಡಿದುಕೊಂಡಿತು. ಅದೇ ಹೆಂಗಸು.

“ಅಲ್ಲ ಕಣಪ್ಪಾ, ನಿನ್ ಜೊತೆ ಮಾತಾಡ್ತಾ ಮಾತಾಡ್ತಾ ಯಾಕ್ ಫೋನ್ ಮಾಡ್ದೆ ಅನ್ನೋದೇ ಮರ್ತೋಯ್ತು ನೋಡು. ಎಷ್ಟ್ ಮಾತಾಡ್ತೀಯಪ್ಪಾ ನೀನು!”